ಎಸೆತ ಎಷ್ಟು ಕಷ್ಟ ಇರಬೇಕು?

'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎನ್ನುವ ಮಾತನ್ನು ಈಗ ನಾವು ಹೆಚ್ಚಾಗಿ ರಾಜಕಾರಣಿಗಳ ಮೇಲೆ, ಸಭೆಯಲ್ಲಿ ಸುಮ್ಮನೆ ಕೂತವರ ಮೇಲೆ ಬಿಡುತ್ತೇವೆ. ಆದರೆ ಅದರ ನೇರ ಅರ್ಥ ಇನ್ನೂ ಬದುಕಿರುವುದು ಆಟದ ಬಯಲಿನಲ್ಲೇ. ಮಂಡ್ಯ ತಾಲ್ಲೂಕಿನ ದುದ್ದದ ಕಡೆ ಭತ್ತ ಕೊಯ್ದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ತೆಂಗಿನ ಮಟ್ಟೆಯ ಬ್ಯಾಟು, ಟೆನಿಸ್ ಚೆಂಡು ಹಿಡಿದು ಆಡುವಾಗ ದೊಡ್ಡ ಹುಡುಗರ ಜತೆ ಒಬ್ಬ ಚಿಕ್ಕವನು ಸೇರಿಕೊಳ್ಳುತ್ತಾನೆ. ಅವನನ್ನು ಬಿಟ್ಟರೆ ಅಳುತ್ತಾನೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಆಗ ಒಬ್ಬ ಕೂಗುತ್ತಾನೆ: "ಮೆತ್ತಗ್ ಹಾಕ್ಲಾ, ಚಿಕ್ ಐದ ಕಣ್ಲಾ." ಮೊದಲ ಚೆಂಡು ಟ್ರಯಲ್. ಎರಡನೆಯದಕ್ಕೆ ಔಟಾದರೂ ಔಟಿಲ್ಲ. ಅವನು ಹೊಡೆದ ರನ್ನೂ ಲೆಕ್ಕಕ್ಕಿಲ್ಲ. ಆದರೆ ಅದೇ ಹುಡುಗ ಮುಂದಿನ ವರ್ಷ ಸ್ವಲ್ಪ ಉದ್ದವಾಗಿ ಬಂದರೆ ಟ್ರಯಲ್ ಚೆಂಡು ಇಲ್ಲ. ಅದನ್ನು ಯಾರೂ ಘೋಷಿಸುವುದಿಲ್ಲ, ಒಂದು ದಿನ ನೇರ ಚೆಂಡು ಬಂದು ಕಾಲಿಗೆ ಬೀಳುತ್ತದೆ, ಅಷ್ಟೇ.

ಇದನ್ನು ಈಗಿನ ವೀಡಿಯೋ ಗೇಮಿನ ಭಾಷೆಯಲ್ಲಿ ಡಿಫಿಕಲ್ಟಿ ಸೆಟ್ಟಿಂಗ್ ಎನ್ನುತ್ತಾರೆ. ಎಸೆಯುವವನೊಬ್ಬ, ಹೊಡೆಯುವವನೊಬ್ಬ ಇರುವ ಯಾವ ಆಟವೂ ತಾನಾಗಿ ಸರಿದೂಗಿ ನಿಂತದ್ದಿಲ್ಲ. ಯಾರೋ ಒಬ್ಬರು ಕೂತು ತಿರುಗಣೆ ತಿರುಗಿಸಿದ್ದಾರೆ. ಹಳ್ಳಿಯಲ್ಲಿ ಅದನ್ನು ಮಾಡಿದ್ದು ಬಾಯಿಮಾತು, ಕ್ರಿಕೆಟ್ಟಿನಲ್ಲಿ ಮತ್ತು ಬೇಸ್‌ಬಾಲಿನಲ್ಲಿ ಸಮಿತಿಗಳು, ಕಂಪ್ಯೂಟರಿನಲ್ಲಿ ನಾವೇ. ಈ ಮೂರರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಕೆಲವು ತಮಾಷೆಗಳು ಸಿಗುತ್ತವೆ.

ದೂರದಿಂದ ಶುರು ಮಾಡೋಣ. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ, ಅಂದರೆ 66 ಅಡಿ. ಇದು ಜಮೀನು ಅಳೆಯುವ ಚೈನಿನ ಉದ್ದ. ನಮ್ಮ ಗುಂಟೆಗೂ ಇದಕ್ಕೂ ನೆಂಟಸ್ತನ ಇದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ; 40 ಗುಂಟೆಗೆ ಒಂದು ಎಕರೆ. ಗುಂಟೆಯ ಎರಡು ಬದಿಯನ್ನು ಸಾಲಾಗಿ ಇಟ್ಟರೆ ಒಂದು ಪಿಚ್ಚು. ಕಬ್ಬಿನ ಗದ್ದೆಯ ಲೆಕ್ಕ ಬಲ್ಲ ಯಾವ ರೈತನೂ ಟೇಪಿಲ್ಲದೆ ಪಿಚ್ಚು ಹಾಕಿಕೊಡಬಲ್ಲ. 1744ರ ನಿಯಮಗಳಲ್ಲಿ ಬರೆದ ಈ 22 ಗಜವನ್ನು ಕ್ರಿಕೆಟ್ಟು ಈವರೆಗೆ ಅಲುಗಿಸಿಲ್ಲ. ಬೇರೆ ಎಲ್ಲವನ್ನೂ ಅಲುಗಿಸಿದೆ. 1771ರಲ್ಲಿ ವೈಟ್ ಎನ್ನುವವನು ವಿಕೆಟ್ಟಿನಷ್ಟೇ ಅಗಲದ ಬ್ಯಾಟು ತಂದ. ಆಮೇಲೆ ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ಮೀರಬಾರದು ಎಂದಾಯಿತು. 1775ರಲ್ಲಿ ಲಂಪಿ ಸ್ಟೀವನ್ಸ್ ಎಸೆದ ಚೆಂಡು ಎರಡೇ ಎರಡು ಸ್ಟಂಪುಗಳ ನಡುವೆ ಮತ್ತೆ ಮತ್ತೆ ತೂರಿ ಹೋಗಿ, ಬೇಲ್ಸ್ ಬೀಳದೆ ಜಾನ್ ಸ್ಮಾಲ್ ಬದುಕಿದ. ಅದಾದ ಮೇಲೆ ಮೂರನೆಯ ಸ್ಟಂಪು ಬಂತು. ಭುಜದ ಮಟ್ಟಕ್ಕೆ ಕೈ ಎತ್ತಿ ಎಸೆಯಲು ಒಪ್ಪಿಗೆ ಸಿಕ್ಕಿದ್ದು 1835ರಲ್ಲಿ, ತಲೆಯ ಮೇಲಿಂದ ಎಸೆಯಲು 1864ರಲ್ಲಿ. ಒಂದು ಸಲ ಬೌಲರನ ಕಡೆ, ಇನ್ನೊಂದು ಸಲ ಬ್ಯಾಟ್ಸ್‌ಮನ್ನನ ಕಡೆ.

ಬೇಸ್‌ಬಾಲಿನವರು ದೂರವನ್ನೇ ತಿರುಗಿಸಿದರು. ಮೊದಲು ಎಸೆಯುವವನು 45 ಅಡಿ ದೂರದಲ್ಲಿ ನಿಲ್ಲುತ್ತಿದ್ದ, ಕೈ ಕೆಳಗಿನಿಂದಲೇ ಎಸೆಯಬೇಕಿತ್ತು. ಹೊಡೆಯುವವನು 'ನನಗೆ ಮೇಲೆ ಬೇಕು', 'ನನಗೆ ಕೆಳಗೆ ಬೇಕು' ಎಂದು ಕೇಳಿ ಚೆಂಡು ಹಾಕಿಸಿಕೊಳ್ಳಬಹುದಿತ್ತು. ಹೋಟೆಲಿನಲ್ಲಿ ದೋಸೆಗೆ ಆರ್ಡರ್ ಕೊಟ್ಟ ಹಾಗೆ. ಈ ಸೌಕರ್ಯವನ್ನು 1887ರಲ್ಲಿ ಕಿತ್ತುಕೊಂಡರು. ಅದಕ್ಕೂ ಮುಂಚೆ, 1884ರಲ್ಲಿ, ಮುಖ್ಯ ಲೀಗಿನಲ್ಲಿ ಕೈ ಎತ್ತಿ ಎಸೆಯಲು ಬಿಟ್ಟಾಗಿತ್ತು. ಎಸೆತ ಜೋರಾಯಿತು, ಆದರೆ ಗುರಿ? ಎಷ್ಟು ಕೆಟ್ಟ ಚೆಂಡು ಹಾಕಿದರೆ ಹೊಡೆಯುವವನಿಗೆ ಪುಕ್ಕಟೆ ಬೇಸ್ ಕೊಡಬೇಕು ಎನ್ನುವ ಪ್ರಶ್ನೆಗೆ ಅವರು ಕೊಟ್ಟ ಉತ್ತರಗಳನ್ನು ನೋಡಿ: 1879ರಲ್ಲಿ ಒಂಬತ್ತು, 1880ರಲ್ಲಿ ಎಂಟು, 1882ರಲ್ಲಿ ಏಳು, 1884ರಲ್ಲಿ ಆರು, 1886ರಲ್ಲಿ ಮತ್ತೆ ಏಳು, 1887ರಲ್ಲಿ ಐದು, 1889ರಲ್ಲಿ ನಾಲ್ಕು. ಅಲ್ಲಿಗೆ ನಿಂತಿತು. 1887ರ ಒಂದೇ ವರ್ಷ ಮೂರು ಸ್ಟ್ರೈಕಿನ ಬದಲು ನಾಲ್ಕು ಸ್ಟ್ರೈಕಿಗೆ ಔಟ್ ಎಂದೂ ಮಾಡಿ ನೋಡಿದರು, ಮರುವರ್ಷ ಬಿಟ್ಟರು. ರೇಡಿಯೋ ಸ್ಟೇಷನ್ ಹಿಡಿಯಲು ಮುಳ್ಳನ್ನು ಆ ಕಡೆ ಈ ಕಡೆ ಜರುಗಿಸುತ್ತಿದ್ದ ಹಾಗೆ.

ಇಷ್ಟಾದರೂ ಎಸೆಯುವವನ ಕೈ ಮೇಲಾಗಿಯೇ ಇತ್ತು. 1881ರಲ್ಲೇ 50 ಅಡಿಗೆ ಸರಿಸಿದ್ದ ದೂರವನ್ನು 1893ರಲ್ಲಿ 60 ಅಡಿ 6 ಇಂಚು ಮಾಡಿದರು. ಹಿಂದಿನ ಅಳತೆ ಎಸೆಯುವವನ ಚೌಕದ ಮುಂದಿನ ಗೆರೆಗೆ, ಹೊಸದು ಹಿಂಗಾಲಿನ ಹಲಗೆಗೆ. ಹಾಗಾಗಿ ನಿಜವಾಗಿ ಹಿಂದೆ ಸರಿದದ್ದು ಸುಮಾರು ಐದು ಅಡಿ. ಐದೇ ಅಡಿ! 1892ರಲ್ಲಿ ನ್ಯಾಷನಲ್ ಲೀಗಿನ ಒಟ್ಟು ಬ್ಯಾಟಿಂಗ್ ಸರಾಸರಿ .245 ಇತ್ತು. 1893ರಲ್ಲಿ .280 ಆಯಿತು. 1894ರಲ್ಲಿ .309. ಕ್ರಿಕೆಟ್ಟಿನವರು ಪಿಚ್ಚಿನ ಉದ್ದಕ್ಕೆ ಕೈ ಹಾಕದೆ ಇದ್ದದ್ದು ಸಂಪ್ರದಾಯದ ಮೇಲಿನ ಭಕ್ತಿಯಿಂದಲೇ ಇರಬಹುದು, ಆದರೆ ಈ ಅಂಕಿ ನೋಡಿದರೆ ಅದು ಒಳ್ಳೆಯದೇ ಆಯಿತು ಅನಿಸುತ್ತದೆ. ದೂರ ಬಹಳ ಒರಟು ತಿರುಗಣೆ.

ವೀಡಿಯೋ ಗೇಮ್ ಆಡುವವರು ಚೆನ್ನಾಗಿ ಓದಬೇಕಾದ ಅಧ್ಯಾಯ ಮಾತ್ರ 1968ರದ್ದು. ಹಿನ್ನೆಲೆ ಇಷ್ಟು: 1963ರಲ್ಲಿ ಸ್ಟ್ರೈಕ್ ಎಂದು ಕರೆಯುವ ಚೌಕವನ್ನು ದೊಡ್ಡದು ಮಾಡಿದ್ದರು. ಐದು ವರ್ಷದಲ್ಲಿ ಎಸೆಯುವವರು ಆಟವನ್ನೇ ನುಂಗಿದರು. ಬಾಬ್ ಗಿಬ್ಸನ್ ಆ ವರ್ಷ ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಬಿಟ್ಟುಕೊಟ್ಟದ್ದು 1.12 ರನ್. ಡೆನ್ನಿ ಮೆಕ್ಲೇನ್ 31 ಪಂದ್ಯ ಗೆದ್ದ. ಅಮೆರಿಕನ್ ಲೀಗಿನ ಅತ್ಯುತ್ತಮ ಬ್ಯಾಟ್ಸ್‌ಮನ್ ಕಾರ್ಲ್ ಯಸ್ಟ್ರೆಮ್ಸ್ಕಿಯ ಸರಾಸರಿ ಬರೀ .301. ಎರಡೂ ಲೀಗು ಸೇರಿ .237. ಜನಕ್ಕೆ ಬೇಸರ ಬಂತು. 1969ರಲ್ಲಿ ಎಸೆಯುವವನು ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು, ಸ್ಟ್ರೈಕ್ ಚೌಕವನ್ನೂ ಮತ್ತೆ ಕಿರಿದು ಮಾಡಿದರು. ಸರಾಸರಿ .248ಕ್ಕೆ ಏರಿತು. ಅದೇ ವರ್ಷ ನಾಲ್ಕು ಹೊಸ ತಂಡಗಳೂ ಸೇರಿದ್ದವು. ಹಾಗಾಗಿ ಎರಡನೇ ದರ್ಜೆಯ ಎಸೆತಗಾರರಿಗೂ ಕೆಲಸ ಸಿಕ್ಕಿತ್ತು. ಹಾಗಾದರೆ ಗುಣ ಕೊಟ್ಟದ್ದು ಯಾವ ಔಷಧ? ದಿಬ್ಬವೋ, ಚೌಕವೋ, ಹೊಸ ತಂಡಗಳೋ? ಮೂರು ಕಷಾಯವನ್ನು ಒಟ್ಟಿಗೆ ಕುಡಿಸಿದ ಮೇಲೆ ಹೇಳುವುದು ಹೇಗೆ?

ಕಂಪ್ಯೂಟರಿಗೆ ಈ ಆಟ ಬಂದದ್ದು ಬಹಳ ಬೇಗ. 1961ರ ಹೊತ್ತಿಗೆ ಜಾನ್ ಬರ್ಜಿಸನ್ ಎಂಬ ಐಬಿಎಂ ನೌಕರ 1620 ಎಂಬ ಯಂತ್ರದ ಮೇಲೆ ಬೇಸ್‌ಬಾಲ್ ಪಂದ್ಯ ನಡೆಸುವ ಪ್ರೋಗ್ರಾಂ ಬರೆದಿದ್ದ. ಅಲ್ಲಿ ತಂಡ ಆರಿಸುವುದಷ್ಟೇ ನಿಮ್ಮ ಕೆಲಸ, ಉಳಿದದ್ದು ಪಗಡೆಯ ಹಾಗೆ ಅದೃಷ್ಟದ ಸಂಖ್ಯೆಗಳ ಲೆಕ್ಕ. 1971ರಲ್ಲಿ ಡಾನ್ ಡ್ಯಾಗ್ಲೋ ಎಂಬ ವಿದ್ಯಾರ್ಥಿ ಕಾಲೇಜಿನ ಕಂಪ್ಯೂಟರಿನಲ್ಲಿ ಇನ್ನೊಂದನ್ನು ಬರೆದ. ನಮ್ಮವರ ಕೈಗೆ ಬೇಸ್‌ಬಾಲ್ ಸಿಕ್ಕಿದ್ದು ಇದಾವುದರಿಂದಲೂ ಅಲ್ಲ. 1990ರ ದಶಕದಲ್ಲಿ ಮಂಡ್ಯ, ಮೈಸೂರಿನ ಅಂಗಡಿಗಳಲ್ಲಿ 'ಟೀವಿ ಗೇಮ್' ಎಂದು ಮಾರುತ್ತಿದ್ದ ಪೆಟ್ಟಿಗೆ ಬಂತು. ಅದರ ಕ್ಯಾಸೆಟ್ಟಿನ ಮೇಲೆ ನೂರಾರು, ಸಾವಿರಾರು ಆಟ ಎಂದು ಬರೆದಿರುತ್ತಿತ್ತು, ತಿರುಗಿಸಿ ನೋಡಿದರೆ ಇರುತ್ತಿದ್ದದ್ದು ಹತ್ತಿಪ್ಪತ್ತು. ಅದರಲ್ಲೊಂದು ನಿಂಟೆಂಡೊ ಕಂಪನಿ 1983ರಲ್ಲಿ ಮಾಡಿದ 'ಬೇಸ್‌ಬಾಲ್'. ಕ್ರಿಕೆಟ್ ಕಣ್ಣಿನ ಮಕ್ಕಳು ಅದನ್ನು ಆಡಿದರು. ಚೆಂಡು ನೆಲಕ್ಕೆ ಬೀಳದೆ ಬರುತ್ತದೆ, ಹಿಂದೆ ಸ್ಟಂಪಿಲ್ಲ, ತಡೆದು ಆಡಲು ಆಗುವುದಿಲ್ಲ; ಹೊಡೆಯದೆ ಸುಮ್ಮನೆ ನಿಂತರೂ ಔಟ್ ಎನ್ನುತ್ತದೆ. 'ಪಿಚ್' ಎನ್ನುವ ಶಬ್ದವೇ ಇಲ್ಲಿ ತಲೆಕೆಳಗು. ನಮಗೆ ಅದು ನೆಲ, ಅವರಿಗೆ ಅದು ಎಸೆತ. ಎಸೆಯುವಾಗ ಬಾಣದ ಗುಂಡಿ ಒತ್ತಿ ವೇಗ, ತಿರುವು ಬದಲಾಯಿಸಬಹುದಿತ್ತು. ಕಷ್ಟದ ಮಟ್ಟ ಆರಿಸುವ ಸೌಲಭ್ಯ ಇರಲಿಲ್ಲ. ಬಯಲಿನಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಬೇಕಿತ್ತು: ತಮ್ಮನಿಗೆ ಬೇಗ ಬರುವ ಚೆಂಡು ಹಾಕಕೂಡದು ಎನ್ನುವ ಬಾಯಿಮಾತಿನ ಒಪ್ಪಂದ.

ಈಗಿನ ಆಟಗಳಲ್ಲಿ ಆ ಒಪ್ಪಂದವನ್ನು ಯಂತ್ರದ ಜತೆ ಮಾಡಿಕೊಳ್ಳಬೇಕು. 2006ರಿಂದ ಬರುತ್ತಿರುವ 'ಎಂಎಲ್‌ಬಿ ದ ಶೋ' ಸರಣಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಹೊಡೆಯುವುದಕ್ಕೆ ಒಂದು ಮಟ್ಟ, ಎಸೆಯುವುದಕ್ಕೆ ಇನ್ನೊಂದು ಮಟ್ಟ ಇಟ್ಟುಕೊಳ್ಳಬಹುದು. ಬಿಗಿನರ್, ರೂಕಿಯಿಂದ ಹಿಡಿದು ಹಾಲ್ ಆಫ್ ಫೇಮ್, ಲೆಜೆಂಡ್‌ವರೆಗೆ ಮೆಟ್ಟಿಲುಗಳಿವೆ. ಹೊಸಬರಿಗೆ ಇದು ಗೊಂದಲ. ಎಸೆಯುವುದರ ಕಷ್ಟ ಎಂದರೆ ಏನು? ಎರಡು ಬೇರೆ ಸಂಗತಿಗಳು ಅಲ್ಲಿ ಬೆರೆತಿವೆ. ಒಂದು, ನಿಮ್ಮ ಬೆರಳು ತಪ್ಪಿದರೆ ಚೆಂಡು ಗುರಿಯಿಂದ ಎಷ್ಟು ದೂರ ಹೋಗುತ್ತದೆ ಎನ್ನುವುದು. ಎರಡು, ಎದುರಿನ ಯಂತ್ರದ ಬ್ಯಾಟ್ಸ್‌ಮನ್ನನಿಗೆ ಎಷ್ಟು ತಾಳ್ಮೆ ಇದೆ ಎನ್ನುವುದು. ಕೆಳಗಿನ ಮಟ್ಟದಲ್ಲಿ ಅವನು ಸಿಕ್ಕಸಿಕ್ಕ ಹೊರಗಿನ ಚೆಂಡಿಗೆಲ್ಲ ಬ್ಯಾಟು ಬೀಸುತ್ತಾನೆ, ನೀವು ಗಿಬ್ಸನ್ ಆಗಿಬಿಡುತ್ತೀರಿ. ಮೇಲಿನ ಮಟ್ಟದಲ್ಲಿ ಹೊರಗಿನದನ್ನು ಬಿಡುತ್ತಾನೆ, ಒಳಗೆ ಬಂದದ್ದನ್ನು ಬಾರಿಸುತ್ತಾನೆ. ಮೊದಲನೆಯದು ಕೈಯ ಕಷ್ಟ, ಎರಡನೆಯದು ತಲೆಯ ಕಷ್ಟ. ಆಟ ಸಪ್ಪೆ ಅನಿಸಿದಾಗ ಇವೆರಡರಲ್ಲಿ ಯಾವುದು ಸಪ್ಪೆ ಎಂದು ಮೊದಲು ಕೇಳಿಕೊಳ್ಳಬೇಕು. ಕೈ ಪಳಗಿದವನಿಗೆ 2021ರಲ್ಲಿ ಬಂದ ಪಿನ್‌ಪಾಯಿಂಟ್ ಎಂಬ ಎಸೆತದ ಕ್ರಮ ಇದೆ; ಕೋಲನ್ನು ಚೆಂಡಿನ ತಿರುವಿಗೆ ತಕ್ಕ ಗೆರೆಯಲ್ಲಿ ತಿರುಗಿಸಬೇಕು, ರಂಗೋಲಿಯ ಎಳೆ ಎಳೆದ ಹಾಗೆ. ಮಟ್ಟ ಏರಿಸದೆ ಕ್ರಮವನ್ನು ಮಾತ್ರ ಬದಲಿಸಿದರೂ ಆಟ ಬೇರೆಯಾಗುತ್ತದೆ. ಇನ್ನು ಸ್ಲೈಡರುಗಳು. ಅಲ್ಲಿ 1969ರ ಸಮಿತಿಯವರ ಹಾಗೆ ಮೂರನ್ನು ಒಟ್ಟಿಗೆ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಒಂದನ್ನು ಒಂದು ಗೆರೆ ಜರುಗಿಸಿ ಹತ್ತು ಪಂದ್ಯ ಆಡುವ ತಾಳ್ಮೆ ಇದ್ದವರಿಗಷ್ಟೇ ಅದರಿಂದ ಲಾಭ. ಒಂದು ಪಂದ್ಯದಲ್ಲಿ ಹತ್ತು ರನ್ ಕೊಟ್ಟ ಮಾತ್ರಕ್ಕೆ ಮಟ್ಟ ಇಳಿಸಬೇಕಿಲ್ಲ, ಒಳ್ಳೆಯ ಎಸೆತಗಾರನಿಗೂ ಅಂಥ ದಿನ ಇರುತ್ತದೆ.

ನಿಮ್ಮ ಆಟ ನೋಡಿಕೊಂಡು ತಾನೇ ಏರುವ, ಇಳಿಯುವ 'ಡೈನಾಮಿಕ್' ಮಟ್ಟವೂ ಅದರಲ್ಲಿದೆ. ಅಳಗುಳಿ ಮಣೆಯಲ್ಲಿ ಮೊಮ್ಮಗುವಿನ ಎದುರು ಕೂತ ಅಜ್ಜಿಯ ಉಪಾಯ ಇದು. ಸೋತು ಮುಖ ಸಣ್ಣದಾದರೆ ಒಂದು ಗುಳಿಯ ಬೀಜವನ್ನು ಕಾಣದ ಹಾಗೆ ಬಿಟ್ಟುಕೊಡುವುದು. ಅಜ್ಜಿ ಬಿಟ್ಟುಕೊಟ್ಟದ್ದು ಗೊತ್ತಾದ ದಿನ ಮಗುವಿಗೆ ಸಿಟ್ಟು ಬರುತ್ತದೆ. ಯಂತ್ರ ಬಿಟ್ಟುಕೊಟ್ಟದ್ದನ್ನು ಪರದೆಯ ಮೂಲೆಯಲ್ಲೇ ತೋರಿಸುತ್ತದೆ, ಆದರೂ ನಮಗೆ ಸಿಟ್ಟು ಬರುವುದಿಲ್ಲ. ಇದು ಯಾಕೆ ಹೀಗೆ ಎಂದು ನನಗೆ ಆಶ್ಚರ್ಯ.

ಆದರೆ ಸ್ಲೈಡರಿಗೆ ಸಿಕ್ಕದ ಎಸೆತಗಾರರೂ ಇದ್ದಾರೆ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಚಿಕ್ಕಂದಿನ ಪೋಲಿಯೋದಿಂದ ಸೊರಗಿತ್ತು. ಚೆಂಡನ್ನು ಹಿಡಿದು ಫೀಲ್ಡರಿನಿಂದ ಎಸೆಯುತ್ತಿದ್ದದ್ದು ಎಡಗೈಯಲ್ಲಿ, ಬೌಲ್ ಮಾಡುತ್ತಿದ್ದದ್ದು ಆ ಸೊರಗಿದ ಬಲಗೈಯಲ್ಲಿ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ ಆರು ವಿಕೆಟ್ ತೆಗೆದರು, ಇಂಗ್ಲೆಂಡ್ 101ಕ್ಕೆ ಮುಗಿಯಿತು, ಭಾರತ ಅಲ್ಲಿ ಮೊದಲ ಸಲ ಸರಣಿ ಗೆದ್ದಿತು. ಲೆಗ್‌ಸ್ಪಿನ್ನರ್ ಎನ್ನುತ್ತಿದ್ದರೂ ಕೆಲವು ಚೆಂಡು ಮಧ್ಯಮ ವೇಗಿಯಷ್ಟು ಜೋರಾಗಿ ಬರುತ್ತಿತ್ತು. ವೇಗ ಇಷ್ಟು, ತಿರುವು ಇಷ್ಟು, ನಿಯಂತ್ರಣ ಇಷ್ಟು ಎಂದು ಅವರನ್ನು ಅಂಕಿಯಲ್ಲಿ ಬರೆದರೆ ಸಾಧಾರಣ ಬೌಲರ್ ಅನಿಸಬಹುದು. ಬರೆಯದೆ ಉಳಿದದ್ದರಲ್ಲೇ ಅವರ 242 ಟೆಸ್ಟ್ ವಿಕೆಟ್ಟುಗಳು ಇದ್ದವು.

ಬೆಂಗಳೂರಿನ ಕ್ರೀಡಾಂಗಣಕ್ಕೆ ಹೆಸರು ಬಂದಿರುವುದು ಮಂಡ್ಯದ ವಕೀಲ ಎಂ. ಚಿನ್ನಸ್ವಾಮಿಯವರಿಂದ. ಅಲ್ಲಿ 2024ರ ಏಪ್ರಿಲ್ 15ರಂದು ಹೈದರಾಬಾದ್ ತಂಡ 20 ಓವರಿನಲ್ಲಿ 287 ಹೊಡೆಯಿತು, ಬೆಂಗಳೂರು ತಿರುಗಿ 262 ಹೊಡೆದು ಸೋತಿತು. ಹಿಂದಿನ ವರ್ಷವಷ್ಟೇ ಐಪಿಎಲ್ಲಿನಲ್ಲಿ ಇಂಪ್ಯಾಕ್ಟ್ ಆಟಗಾರ ಎಂಬ ಹೆಚ್ಚುವರಿ ಮನುಷ್ಯ ಬಂದಿದ್ದ. ಬೇಸ್‌ಬಾಲಿನ ಅಮೆರಿಕನ್ ಲೀಗು 1973ರಲ್ಲಿ ಎಸೆಯುವವನ ಬದಲಿಗೆ ಬ್ಯಾಟು ಬೀಸಲೆಂದೇ ಇನ್ನೊಬ್ಬನನ್ನು ತಂದದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಜನ ಸಿಕ್ಸರ್ ನೋಡಲು ಬರುತ್ತಾರೆ ಎನ್ನುವುದು ನಿಜ. ಆದರೆ ಆ ರಾತ್ರಿ ಬೌಲರುಗಳ ಮುಖ ನೋಡಿದವರಿಗೆ ಟ್ರಯಲ್ ಚೆಂಡು ಹಾಕುತ್ತಿರುವವರು ಯಾರು, ಲೆಕ್ಕಕ್ಕಿಲ್ಲದವರು ಯಾರು ಎಂಬ ಅನುಮಾನ ಬಂದಿರಬೇಕು. ತಿರುಗಣೆ ತಿರುಗಿಸುವ ಸಮಿತಿಯಲ್ಲಿ ಅವರ ಕಡೆ ಮಾತಾಡುವವರು ಇರಬೇಕಿತ್ತು.

ನಮ್ಮ ಕಡೆಯ ಹುಡುಗರಿಗೆ ಈ ವಾದ ಹೊಸದಲ್ಲ. 2006ರ ಕೊನೆಗೆ ಬಂದ ಇಎ ಕಂಪನಿಯ 'ಕ್ರಿಕೆಟ್ 07' ಸೈಬರ್ ಸೆಂಟರುಗಳಲ್ಲಿ, ಕಂಪ್ಯೂಟರ್ ಇದ್ದ ಮನೆಗಳಲ್ಲಿ ವರ್ಷಗಟ್ಟಲೆ ಓಡಿತು; ಆ ಸರಣಿಯಲ್ಲಿ ಅದರ ಮುಂದೆ ಇನ್ನೊಂದು ಬರಲೇ ಇಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಾ ಬಿಟ್ಟರೆ ಬೇರೆ ತಂಡಗಳ ಹೆಸರಿಗೆ ಕಂಪನಿಗೆ ಪರವಾನಗಿ ಇರಲಿಲ್ಲ. ಹಾಗಾಗಿ ಮೊದಲ ಕೆಲಸ ಆಟಗಾರರ ಹೆಸರು ತಿದ್ದಿ ದ್ರಾವಿಡ್, ಕುಂಬ್ಳೆಯವರನ್ನು ಒಳಗೆ ತರುವುದು. ಆಮೇಲೆ ಆಟ. ಬೌಲ್ ಮಾಡುವವನು ಚೆಂಡು ಬೀಳುವ ಜಾಗವನ್ನು ಒಂದು ಗುರುತಿನಿಂದ ಆರಿಸಬೇಕು. ಆ ಗುರುತು ಕಾಣುವುದು ಇಬ್ಬರೂ ನೋಡುವ ಒಂದೇ ಪರದೆಯ ಮೇಲೆ. ಒಂದೇ ಕೀಬೋರ್ಡಿನ ಎರಡು ತುದಿಯಲ್ಲಿ ಕೈ ಇಟ್ಟು ಒಂದೇ ಬೆಂಚಿನ ಮೇಲೆ ಕೂತ ಇಬ್ಬರಿಗೆ ಇದಕ್ಕೆ ಯಾವ ಮೆನುವಿನಲ್ಲೂ ಪರಿಹಾರ ಸಿಗುವುದಿಲ್ಲ. ಹಾಗಾಗಿ ಬೌಲರ್ ಕೊನೇ ಗಳಿಗೆಯಲ್ಲಿ ಗುರುತನ್ನು ಜರುಗಿಸುತ್ತಿದ್ದ. ಅದೂ ಸಾಲದೆ ಬಂದಾಗ ಬ್ಯಾಟಿನವನು ಕಣ್ಣು ಮುಚ್ಚಬೇಕು ಎಂದು ಮಾತಾಗುತ್ತಿತ್ತು. ಅವನು ಒಂದು ಕೈಯಿಂದ ಕಣ್ಣು ಮುಚ್ಚುತ್ತಿದ್ದ, ಇನ್ನೊಂದು ಕೈ ಕೀಲಿಯ ಮೇಲೆ. ಬೆರಳ ಸಂದಿ ಎಷ್ಟು ಬಿಡಬಹುದು ಎನ್ನುವ ಜಗಳ ಓವರ್ ಮುಗಿಯುವವರೆಗೂ ನಡೆಯುತ್ತಿತ್ತು.