ಗರ್ಭಕಂಠದ ಕ್ಯಾನ್ಸರ್: ಗ್ರಾಮೀಣ ದಾದಿಯರ ಕೈಯಲ್ಲಿ ತಪಾಸಣೆ

ಭಾರತದ ಮಹಿಳೆಯರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರಿನ ನಂತರದ ಸ್ಥಾನ ಗರ್ಭಕಂಠದ ಕ್ಯಾನ್ಸರಿನದು. 2022ರ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ದೇಶದ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80 ಸಾವಿರ ಮಂದಿ ಅದಕ್ಕೆ ಬಲಿಯಾದರು. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿಯ ಕೆಲವು ತಳಿಗಳ ಸೋಂಕು ದೇಹದಲ್ಲಿ ದೀರ್ಘಕಾಲ ಉಳಿದುಬಿಡುವುದೇ ಇದಕ್ಕೆ ಮುಖ್ಯ ಕಾರಣ. ಸೋಂಕು ಕ್ಯಾನ್ಸರಾಗಿ ಬೆಳೆಯಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳೇ ಹಿಡಿಯುತ್ತವೆ. ಈ ನಡುವಿನ ಅವಧಿಯಲ್ಲಿ ಗರ್ಭಕಂಠದ ಮೇಲಾದ ಬದಲಾವಣೆಯನ್ನು ಗುರುತಿಸಿ ನಾಶಪಡಿಸಿದರೆ ಕ್ಯಾನ್ಸರನ್ನು ತಡೆಯಬಹುದು.

ನಗರದ ಓದುಗರಿಗೆ ಪ್ಯಾಪ್ ಸ್ಮಿಯರ್ ಪರೀಕ್ಷೆಯ ಹೆಸರು ಪರಿಚಿತ. ಅದಕ್ಕೆ ಪ್ರಯೋಗಾಲಯ ಬೇಕು, ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಓದಬಲ್ಲ ತಜ್ಞರು ಬೇಕು. ಫಲಿತಾಂಶ ಅದೇ ದಿನ ಕೈಸೇರುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದ ಹೆಂಗಸು ವರದಿಗಾಗಿ ಮತ್ತೊಮ್ಮೆ ಬರುವಳೆಂದು ನೆಚ್ಚಿಕೊಳ್ಳುವುದು ಕಷ್ಟ. ಹೀಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ದಾದಿಯೇ ಮಾಡಬಹುದಾದ ಪರೀಕ್ಷೆಯ ಅಗತ್ಯ ಎದುರಾಯಿತು.

ಪರೀಕ್ಷೆ ಹೇಗೆ?

ಈ ಪರೀಕ್ಷೆಯನ್ನು ಸಂಕ್ಷೇಪವಾಗಿ ವಿಐಎ ಎನ್ನುತ್ತಾರೆ. ಬೇಕಾಗುವುದು ಪರೀಕ್ಷಾ ಮೇಜು, ಒಳ್ಳೆಯ ಬೆಳಕು, ಸ್ಪೆಕ್ಯುಲಮ್, ಹತ್ತಿ ಮತ್ತು ಶೇ. 3ರಿಂದ 5ರಷ್ಟು ಅಸಿಟಿಕ್ ಆಮ್ಲದ ದ್ರಾವಣ. ಅಡುಗೆಯ ವಿನೆಗರ್‌ನಲ್ಲಿರುವುದೂ ಇದೇ ಆಮ್ಲ. ಗರ್ಭಕಂಠಕ್ಕೆ ದ್ರಾವಣ ಹಚ್ಚಿ ಒಂದು ನಿಮಿಷ ಕಾಯಬೇಕು. ಅಸಹಜ ಜೀವಕೋಶಗಳಿರುವ ಭಾಗ ಅಂಚು ಸ್ಪಷ್ಟವಾದ ದಟ್ಟ ಬಿಳಿ ಮಚ್ಚೆಯಾಗಿ ತೋರುತ್ತದೆ. ಫಲಿತಾಂಶ ಆಗಲೇ ಗೊತ್ತಾಗುತ್ತದೆ.

ಕೇಳಲು ಸರಳ, ಆದರೆ ಎಲ್ಲವೂ ನೋಡುವವಳ ಕಣ್ಣನ್ನು ಅವಲಂಬಿಸಿದೆ. ಉರಿಯೂತವಿದ್ದರೂ ಬಿಳುಪು ಕಾಣಿಸಬಹುದು. ಮುಟ್ಟು ನಿಂತ ಮೇಲೆ ನೋಡಬೇಕಾದ ಭಾಗ ಗರ್ಭಕಂಠದ ಒಳಕ್ಕೆ ಸರಿಯುವುದರಿಂದ ಐವತ್ತು ದಾಟಿದವರಲ್ಲಿ ಈ ಪರೀಕ್ಷೆಯನ್ನು ಅಷ್ಟಾಗಿ ನಂಬುವಂತಿಲ್ಲ.

ದಿಂಡಿಗಲ್ ಮತ್ತು ಉಸ್ಮಾನಾಬಾದ್

ದಾದಿಯರು ಇದನ್ನು ಸಮರ್ಥವಾಗಿ ಮಾಡಬಲ್ಲರೆಂಬುದಕ್ಕೆ ಅತ್ಯುತ್ತಮ ಸಾಕ್ಷ್ಯ ದೊರೆತದ್ದು ನೆರೆಯ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ. ಅಲ್ಲಿನ 114 ಪಂಚಾಯತಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನ ಹಳ್ಳಿಗಳಲ್ಲಿ 2000ದಿಂದ 2003ರವರೆಗೆ 30ರಿಂದ 59 ವರ್ಷದ ಮಹಿಳೆಯರಿಗೆ ತರಬೇತಿ ಪಡೆದ ದಾದಿಯರಿಂದ ತಪಾಸಣೆ ನಡೆಸಲಾಯಿತು. ಅರ್ಹರಾಗಿದ್ದ 49,311 ಮಂದಿಯಲ್ಲಿ 31,343 ಮಂದಿ ಪರೀಕ್ಷೆಗೆ ಬಂದರು. ಮಚ್ಚೆ ಕಂಡಲ್ಲಿ ಕಾಲ್ಪೋಸ್ಕೋಪ್ ಮೂಲಕ ನೋಡುವುದು, ಬಯಾಪ್ಸಿಗೆ ಅಂಗಾಂಶ ತೆಗೆಯುವುದು, ಅತಿಶೀತದಿಂದ ಅಸಹಜ ಭಾಗವನ್ನು ಸುಡುವ ಕ್ರಯೋಥೆರಪಿ ನೀಡುವುದು, ಇವೆಲ್ಲವನ್ನೂ ದಾದಿಯರೇ ನಿರ್ವಹಿಸಿದರು. 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಫಲಿತಾಂಶದಂತೆ, ತಪಾಸಣೆ ನಡೆದ ಪಂಚಾಯತಿಗಳಲ್ಲಿ ರೋಗದ ಪ್ರಮಾಣ ಶೇ. 25ರಷ್ಟು, ಸಾವಿನ ಪ್ರಮಾಣ ಶೇ. 35ರಷ್ಟು ಕಡಿಮೆಯಿತ್ತು. ಇನ್ನೊಂದು ಗುಂಪಿನ ಹಳ್ಳಿಗಳಿಗೆ ಈ ತಪಾಸಣೆ ಇರಲಿಲ್ಲ. ಇಂತಹ ಪ್ರಯೋಗಗಳಲ್ಲಿ ಮಹಿಳೆಯರನ್ನು ಹಾಗೆ ಹೊರಗಿಟ್ಟದ್ದು ನ್ಯಾಯವೇ ಎಂಬ ಪ್ರಶ್ನೆ ಮುಂದೆ ತೀವ್ರ ಚರ್ಚೆಗೆ ಒಳಗಾಯಿತು. ಆ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ.

ಎಲ್ಲೆಡೆಯೂ ಇದೇ ಫಲ ದೊರೆಯಲಿಲ್ಲ. ಈಗ ಧಾರಾಶಿವ ಎಂದು ಹೆಸರಾಗಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನೊಳಗೊಂಡ ಅಧ್ಯಯನದ ವರದಿ 2009ರಲ್ಲಿ ಹೊರಬಂತು. ಅಲ್ಲಿ ಒಂದೇ ಬಾರಿಯ ಎಚ್‌ಪಿವಿ ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ವಿಐಎಯಿಂದ ಗಣನೀಯ ಇಳಿಕೆ ಕಾಣಲಿಲ್ಲ. ತರಬೇತಿ ಕೊಟ್ಟು ಕೈಬಿಟ್ಟರೆ ಸಾಲದು, ದಾದಿಯ ತೀರ್ಮಾನಗಳನ್ನು ಆಗಾಗ್ಗೆ ಪರಿಶೀಲಿಸುತ್ತಿರಬೇಕು ಎಂಬುದು ಈ ಎರಡು ಜಿಲ್ಲೆಗಳ ಅನುಭವವನ್ನು ಜೊತೆಗಿಟ್ಟು ನೋಡಿದಾಗ ಅನಿಸುತ್ತದೆ.

ಕೊಂಡಿ ಕಳಚುವುದೆಲ್ಲಿ?

30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ವಿಐಎ ಪರೀಕ್ಷೆ ನಡೆಸಬೇಕೆಂದು ಕೇಂದ್ರ ಸರ್ಕಾರ 2016ರ ಮಾರ್ಗಸೂಚಿಯಲ್ಲಿ ಹೇಳಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡ 30ರಿಂದ 49 ವರ್ಷದ ಮಹಿಳೆಯರು ದೇಶದಲ್ಲಿ ಶೇ. 1.9 ಮಾತ್ರ. ತಮಿಳುನಾಡಿನಲ್ಲಿ ಈ ಪ್ರಮಾಣ ಶೇ. 9.8. ಗರ್ಭಿಣಿಯರ ನೋಂದಣಿ, ಲಸಿಕೆ, ಹೆರಿಗೆ, ದಾಖಲೆ ಪುಸ್ತಕಗಳ ನಡುವೆ ದಾದಿಗೆ ಬಿಡುವೆಲ್ಲಿ? ಪರದೆ ಕಟ್ಟಿದ ಪ್ರತ್ಯೇಕ ಕೋಣೆಯಾದರೂ ಬೇಡವೇ? ರೋಗಲಕ್ಷಣವೇ ಇಲ್ಲದ ಹೆಂಗಸಿಗೆ ಇದು ಮುಜುಗರದ ಪರೀಕ್ಷೆ. ನಡೆಸುವವಳು ಪರಿಚಿತ ಹೆಂಗಸಾದರೆ ಸಂಕೋಚ ಕಡಿಮೆ.

ಮಚ್ಚೆ ಕಂಡವರನ್ನು ಚೀಟಿ ಬರೆದು ಜಿಲ್ಲಾಸ್ಪತ್ರೆಗೆ ಕಳುಹಿಸುವಲ್ಲಿ ಹಲವರು ಕೈತಪ್ಪಿಹೋಗುತ್ತಾರೆ. ದಿಂಡಿಗಲ್‌ನಲ್ಲಿಯೂ ಪೂರ್ವಾವಸ್ಥೆ ಪತ್ತೆಯಾದವರಲ್ಲಿ ಚಿಕಿತ್ಸೆ ಪಡೆದವರು ಶೇ. 72ರಷ್ಟು. ಅನಿಲದ ಸಿಲಿಂಡರ್ ಬೇಡುವ ಕ್ರಯೋಥೆರಪಿಯ ಬದಲು, ಬ್ಯಾಟರಿಯಿಂದ ನಡೆಯುವ ಕೈಯಳತೆಯ ಶಾಖೋಪಕರಣವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅನುಮೋದಿಸಿದೆ. ತಪಾಸಣೆಗೆ ಎಚ್‌ಪಿವಿ ಪರೀಕ್ಷೆಯೇ ಮೊದಲ ಆಯ್ಕೆಯಾಗಲಿ ಎಂದು 2021ರಲ್ಲಿ ಸಲಹೆ ನೀಡಿತು. ಇದಕ್ಕೆ ಬೇಕಾದ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದು. ಆದರೂ ಸೋಂಕು ಪತ್ತೆಯಾದವಳಿಗೆ ಶಾಖ ಅಥವಾ ಶೀತ ಚಿಕಿತ್ಸೆ ಹೊಂದುವುದೇ ಎಂದು ತಿಳಿಯಲು ಗರ್ಭಕಂಠವನ್ನು ಆಮ್ಲ ಹಚ್ಚಿ ನೋಡಲೇಬೇಕಾಗುತ್ತದೆ. ಆ ಕೆಲಸಕ್ಕೆ ಹಳ್ಳಿಗೆ ಹತ್ತಿರವಿರುವವಳು ಆರೋಗ್ಯ ಕೇಂದ್ರದ ದಾದಿಯೇ.