ಸಭಾಸೇವಕರ ಸ್ನೇಹಧರ್ಮ



ಧರ್ಮಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಿದ ದೇವಾಲಯಗಳನ್ನೂ ತೆರೆದ ಪಾಠಶಾಲೆಗಳನ್ನೂ ಅಚ್ಚಾದ ಗ್ರಂಥಗಳನ್ನೂ ಎಣಿಸಿ ತೃಪ್ತರಾಗುತ್ತಾರೆ. ಆ ಕೆಲಸವನ್ನು ನಡಸಿದವರು ಒಬ್ಬರೊಡನೊಬ್ಬರು ಹೇಗೆ ಬಾಳಿದರೆಂಬುದನ್ನು ಕೇಳುವವರು ಕಡಮೆ. ಮೇಲಿನವನು ಕೆಳಗಿನವನನ್ನು ಹೇಗೆ ಕಂಡನು? ಜೊತೆಗಾರನ ಕುಂದನ್ನು ಅವನ ಮುಂದೆಯೇ ಹೇಳಿದನೆ, ಇಲ್ಲವೆ ಮರೆಯಲ್ಲಿ ಬರೆದು ಕಳುಹಿಸಿದನೆ? ಒಂದೇ ದೇವರನ್ನು ಆರಾಧಿಸುವವರು ಒಂದೇ ಪಂಕ್ತಿಯಲ್ಲಿ ಉಂಡರೆ? ಇವು ಸಣ್ಣ ಪ್ರಶ್ನೆಗಳಂತೆ ತೋರುತ್ತವೆ. ಆದರೆ ಪ್ರೀತಿಯನ್ನು ಬೋಧಿಸುವುದೇ ವೃತ್ತಿಯಾಗಿರುವವರ ವಿಷಯದಲ್ಲಿ ಇವಕ್ಕಿಂತ ದೊಡ್ಡ ಪ್ರಶ್ನೆಗಳಿಲ್ಲ. ಕನ್ನಡ ನಾಡಿನ ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆಗಳ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಇಂದು ಸಂಗ್ರಹವಾಗಿ ನೋಡೋಣ.

೧೮೧೫ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಯ ಮೊದಲ ಮೂವರು ಬೋಧಕರು, ಹೆಬಿಕ್, ಲೇನರ್, ಗ್ರೈನರ್ ಎಂಬವರು, ೧೮೩೪ರಲ್ಲಿ ಮಂಗಳೂರಿಗೆ ಬಂದರು. ಆ ಸಂಸ್ಥೆಯ ಆಡಳಿತವು ಬಹು ಬಿಗಿಯಾದುದು. ಯಾವನು ಯಾವ ಊರಿನಲ್ಲಿರಬೇಕು, ಯಾವ ಕೆಲಸವನ್ನು ಮಾಡಬೇಕು ಎಂಬುದೆಲ್ಲ ಬಾಸೆಲಿನ ಸಮಿತಿಯಲ್ಲಿ ನಿಶ್ಚಯವಾಗುತ್ತಿದ್ದಿತು. ಮದುವೆಯಾಗುವುದಕ್ಕೂ ಆ ಸಮಿತಿಯ ಅಪ್ಪಣೆ ಬೇಕಾಗಿದ್ದಿತು. ಕ್ರಮವಾಗಿ ವರದಿ ಬರೆಯಬೇಕಾಗಿದ್ದುದಲ್ಲದೆ, ಜೊತೆಗಾರರ ನಡತೆಯ ವಿಷಯವಾಗಿಯೂ ಮೇಲಿನವರಿಗೆ ತಿಳಿಸುವುದು ಕರ್ತವ್ಯವೆಂದು ಎಣಿಸಲ್ಪಡುತ್ತಿದ್ದಿತು. ೧೮೫೦ರಿಂದ ೧೮೭೯ರ ವರೆಗೆ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಜೋಸೆಫ್ ಯೋಸೆನ್‌ಹಾನ್ಸ್ ೧೮೫೧-೫೨ರಲ್ಲಿ ತಾನೇ ಈ ದೇಶಕ್ಕೆ ಬಂದು ನೋಡಿ, ಕಟ್ಟುಕಟ್ಟಳೆಗಳನ್ನು ಇನ್ನಷ್ಟು ಬಲಪಡಿಸಿದನು.

ಈ ಪದ್ಧತಿಗೆ ಕಾರಣಗಳಿಲ್ಲದೆ ಇರಲಿಲ್ಲ. ಸಮುದ್ರದಾಚೆಯ ಕೆಲಸ; ಕಾಗದ ಹೋಗಿ ಬರುವುದಕ್ಕೆ ತಿಂಗಳುಗಳು; ಹಣವು ಬಡ ಭಕ್ತರು ಕೂಡಿಸಿಕೊಟ್ಟ ಕಾಸು. ಲೆಕ್ಕವಿಡದೆ ನಡೆಯುವಂತಿರಲಿಲ್ಲ. ಮಂಗಳೂರಿನ ಮುದ್ರಣಾಲಯವೂ ನೇಯ್ಗೆ ಕಾರ್ಖಾನೆಯೂ ೧೮೬೫ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯೂ ಇಂಥ ಶಿಸ್ತಿನಿಂದಲೇ ಬೆಳೆದುವು. ಆದರೆ ಲೆಕ್ಕವನ್ನು ಕೇಳುವುದು ಬೇರೆ, ಮನಸ್ಸನ್ನು ಕಾವಲು ಕಾಯುವುದು ಬೇರೆ. ನನ್ನ ಮಾತನ್ನು ನಾಳೆ ಬರೆದು ಕಳುಹಿಸುವವನ ಮುಂದೆ ನನ್ನ ಸಂದೇಹವನ್ನಾಗಲಿ ದುಃಖವನ್ನಾಗಲಿ ನಾನು ಹೇಳಿಕೊಳ್ಳಲಾರೆ. ಸೇವಕರು ಒಂದೇ ಮನೆಯಲ್ಲಿದ್ದರೂ ಒಂಟಿಗರಾಗುವುದು ಹೀಗೆಯೆ.

ಈ ಬಿಗಿಯ ನಡುವೆಯೂ ಸ್ನೇಹ ಅರಳಿದುದುಂಟು. ಹೆರ್ಮನ್ ಮೋಗ್ಲಿಂಗ್ ೧೮೩೬ರಲ್ಲಿ ಮಂಗಳೂರಿಗೆ ಬಂದನು. ೧೮೪೩ರಲ್ಲಿ “ಮಂಗಳೂರ ಸಮಾಚಾರ” ಪತ್ರಿಕೆಯನ್ನು ಹೊರಡಿಸಿದವನು ಇವನೆಂಬುದು ತಮಗೆಲ್ಲ ತಿಳಿದೇ ಇದೆ. ಇವನ ಬಂಧುವೂ ಗೆಳೆಯನೂ ಆದ ಗಾಟ್‌ಫ್ರೀಡ್ ವೈಗ್ಲೆ ೧೮೪೦ರಲ್ಲಿ ಬಂದು ಸೇರಿದನು. ಇಬ್ಬರಿಗೂ ಕನ್ನಡ ಸಾಹಿತ್ಯದಲ್ಲಿ ಒಂದೇ ಬಗೆಯ ಆಸಕ್ತಿ. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚುಹಾಕಿಸುವ ಸಾಹಸಕ್ಕೆ ಮೋಗ್ಲಿಂಗ್ ಕೈಯಿಟ್ಟ ಕಾಲದಲ್ಲಿಯೇ, ೧೮೪೮ರಲ್ಲಿ, ವೈಗ್ಲೆ ಜರ್ಮನಿಯ ವಿದ್ವಾಂಸರಿಗೆ ಕನ್ನಡ ಭಾಷೆ ಮತ್ತು ಸಾಹಿತ್ಯಗಳನ್ನು ಪರಿಚಯಮಾಡಿಕೊಟ್ಟನು. ೧೮೫೫ರಲ್ಲಿ ವೈಗ್ಲೆ ಮಂಗಳೂರಿನಲ್ಲಿ ತೀರಿಕೊಂಡನು. ಆತನ ವಿಧವೆಯನ್ನು ಬಳಿಕ ಮದುವೆಯಾಗಿ, ಆ ಸಂಸಾರದ ಭಾರವನ್ನು ವಹಿಸಿದವನು ಮೋಗ್ಲಿಂಗನೆ. ಯಾವ ನಿಯಮವೂ ಇಂಥ ಹೊಣೆಯನ್ನು ಹೊರಿಸಲಾರದು.

ಮೋಗ್ಲಿಂಗನ ಸ್ನೇಹಶೀಲತೆಗೆ ಇದಕ್ಕಿಂತ ಕಠಿನವಾದ ಪರೀಕ್ಷೆಯೊಂದು ಒದಗಿದ್ದಿತು. ಆತನ ಶಿಷ್ಯರಲ್ಲಿ ಆನಂದರಾವ್ ಕೌಂಡಿನ್ಯನೆಂಬ ಬ್ರಾಹ್ಮಣ ಯುವಕನು ೧೮೪೪ರಲ್ಲಿ ಕ್ರೈಸ್ತದೀಕ್ಷೆಯನ್ನು ಪಡೆದನು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ನಂಟರಿಷ್ಟರ ಸಂಬಂಧ ಹರಿಯಿತು. ಹೀಗೆ ಬಂದವನಿಗೆ ಮಿಷನ್ನಿನಲ್ಲಿ ಯಾವ ಸ್ಥಾನ? ಉಪದೇಶಿಯಾಗಿ, ಅಂದರೆ ಯೂರೋಪಿಯನ್ ಬೋಧಕನ ಕೈಕೆಳಗಿನ ಸಹಾಯಕನಾಗಿ, ಉಳಿಸಿಕೊಳ್ಳುವುದು ಸುಲಭವಾಗಿದ್ದಿತು. ಮೋಗ್ಲಿಂಗ್ ಹಾಗೆ ಮಾಡಲಿಲ್ಲ. ೧೮೪೬ರಲ್ಲಿ ತಾನು ಸ್ವದೇಶಕ್ಕೆ ಹೋದಾಗ ಅವನನ್ನೂ ಜೊತೆಯಲ್ಲಿ ಕರೆದೊಯ್ದನು. ಕೌಂಡಿನ್ಯನು ಬಾಸೆಲಿನ ವಿದ್ಯಾಲಯದಲ್ಲಿ ಜರ್ಮನ್ ಯುವಕರೊಡನೆ ಕುಳಿತು ಓದಿ, ೧೮೫೧ರಲ್ಲಿ ಗುರುದೀಕ್ಷೆಯನ್ನು ಹೊಂದಿ, ಅವರ ಸಮಾನನಾದ ಮಿಷನರಿಯಾಗಿ ಹಿಂದಿರುಗಿದನು. ಮುಂದೆ ಗುರುಶಿಷ್ಯರಿಬ್ಬರೂ ಕೊಡಗಿನಲ್ಲಿ ಜೊತೆಗಾರರಾಗಿ ದುಡಿದರು. ಶಿಷ್ಯನು ಶಿಷ್ಯನಾಗಿಯೇ ಉಳಿಯಲೆಂದು ಬಯಸದಿರುವುದು ಗುರುವಾದವನಿಗೆ ಬಹು ಕಷ್ಟವಾದ ತ್ಯಾಗ.

ಆದರೆ ಇದು ಒಬ್ಬ ಮನುಷ್ಯನ ಔದಾರ್ಯ, ಸಂಸ್ಥೆಯ ಪದ್ಧತಿಯಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಗೂ ನಾವು ದೂರ ಹೋಗಬೇಕಾದುದಿಲ್ಲ. ೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್, ಈ ದೇಶದವರ ನಡುವೆ ಈ ದೇಶದವನಂತೆಯೇ ಸರಳವಾಗಿ ಬಾಳಬೇಕೆಂದು ಹೊರಟನು. ಜೊತೆಯ ಮಿಷನರಿಗಳಿಗೆ ಅದು ಹಿಡಿಸಲಿಲ್ಲ, ಮೇಲಿನವರಿಗೂ ಒಪ್ಪಿಗೆಯಾಗಲಿಲ್ಲ. ಆತನ ಮೊದಲ ವರ್ಷಗಳು ಹೊಂದಿಕೆಯಿಲ್ಲದೆ ಕಳೆದುವು. ಮಿಷನರಿಯಾಗಿ ಸೋತವನೆಂದು ಕಾಣಿಸಿಕೊಂಡ ಈತನೇ “ಶಬ್ದಮಣಿದರ್ಪಣ”ವನ್ನು ೧೮೭೨ರಲ್ಲಿಯೂ ಸುಮಾರು ೭೦,೦೦೦ ಶಬ್ದಗಳ ಮಹಾನಿಘಂಟನ್ನು ೧೮೯೪ರಲ್ಲಿಯೂ ಕನ್ನಡಿಗರ ಕೈಗಿತ್ತವನು. ಅದೇ ಮಿಷನ್ ಕೊನೆಗೆ ಆತನಿಗೆ ಆ ಕೆಲಸಕ್ಕೆ ಬೇಕಾದ ವರ್ಷಗಳನ್ನು ಕೊಟ್ಟು ನಿಘಂಟನ್ನು ಅಚ್ಚುಮಾಡಿಸಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಜೊತೆಗಾರನ ಸ್ವಭಾವ ತಮ್ಮದರಂತಿಲ್ಲವೆಂದು ಅವನನ್ನು ದೂರವಿಡುವವರು ಏನನ್ನು ಕಳೆದುಕೊಳ್ಳಬಹುದೆಂಬುದಕ್ಕೆ ಈ ಒಂದು ಜೀವನವೇ ಸಾಕು.

ಇನ್ನು ಬೆಂಗಳೂರಿಗೆ ಬರೋಣ. ಇಲ್ಲಿ ಪ್ರಶ್ನೆ ಮತ್ತೊಂದು ರೂಪವನ್ನು ತಾಳಿತು. ಮಂಗಳೂರಿನಲ್ಲಿ ಒಂದೇ ಸಂಸ್ಥೆಯವರು ಹೊಂದಿಕೊಳ್ಳಬೇಕಾಗಿದ್ದರೆ, ಇಲ್ಲಿ ಬೇರೆ ಬೇರೆ ಸಂಸ್ಥೆಗಳವರು ಹೊಂದಿಕೊಳ್ಳಬೇಕಾಯಿತು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ೧೮೩೭ರಲ್ಲಿ ಬೆಂಗಳೂರಿಗೆ ಬಂದು ಐವತ್ತು ವರ್ಷ ಇಲ್ಲಿಯೇ ಇದ್ದು ೧೮೮೭ರಲ್ಲಿ ಕಾಲವಾದನು. ಶಾಸನಶೋಧಕ ಲೂಯಿ ರೈಸ್ ಈತನ ಮಗ. ವೆಸ್ಲಿಯನ್ ಮಿಷನ್ನಿನವರೂ ಅದೇ ಕಾಲದಲ್ಲಿ ಇಲ್ಲಿ ಕನ್ನಡದ ಕೆಲಸಕ್ಕೆ ತೊಡಗಿದ್ದರು. ಇವರೆಲ್ಲರನ್ನೂ ಹತ್ತಿರ ತಂದುದು ಕನ್ನಡ ಬೈಬಲು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರು ಮಾಡಿದ್ದ ಭಾಷಾಂತರವನ್ನು ತಿದ್ದುವ ಕಾರ್ಯದಲ್ಲಿ ಬಾಸೆಲಿನ ವೈಗ್ಲೆಯೂ ಲಂಡನ್ ಮಿಷನ್ನಿನ ರೈಸನೂ ಸಹಭಾಗಿಗಳಾದರು. ಪರಿಷ್ಕೃತ ಗ್ರಂಥವು ೧೮೬೦ರ ಹೊತ್ತಿಗೆ ಪೂರ್ಣವಾಯಿತು.

ಭಾಷಾಂತರ ಸಮಿತಿಯಲ್ಲಿ ಕುಳಿತವರಿಗೆ ಗೊತ್ತು: ಅಲ್ಲಿ ಪ್ರತಿ ದಿನವೂ ಅಹಂಕಾರಕ್ಕೆ ಪೆಟ್ಟು. ತಾನು ರಾತ್ರಿಯೆಲ್ಲ ಕುಳಿತು ಬರೆದ ವಾಕ್ಯವನ್ನು ಇನ್ನೊಬ್ಬನು ಬೆಳಗ್ಗೆ ಒಂದೇ ಗೆರೆಯಿಂದ ಹೊಡೆದುಹಾಕುತ್ತಾನೆ. ಅದನ್ನು ಸಹಿಸಿ, ಅವನ ವಾಕ್ಯ ಮೇಲೆಂದು ಒಪ್ಪಿ, ಸಂಜೆಗೆ ಅವನೊಡನೆ ನಗುತ್ತ ಮಾತನಾಡಬಲ್ಲವನೇ ಸಹಕಾರ್ಯಕ್ಕೆ ಅರ್ಹನು. ಕ್ರೈಸ್ತಪಂಗಡಗಳು ಸಿದ್ಧಾಂತವನ್ನು ಚರ್ಚಿಸಿ ಒಂದಾಗುವುದಕ್ಕಿಂತ ಎಷ್ಟೋ ಮುಂಚೆ, ಕೆಲಸವನ್ನು ಕೂಡಿ ಮಾಡಿ ಹತ್ತಿರವಾದುವು. ೧೮೭೯ರಲ್ಲಿ ದಕ್ಷಿಣ ಹಿಂದೂಸ್ಥಾನ ಮತ್ತು ಸಿಂಹಳಗಳ ಮಿಷನರಿಗಳ ಮಹಾಸಮ್ಮೇಳನವು ಬೆಂಗಳೂರಿನಲ್ಲಿಯೇ ನೆರೆಯಿತು. ೧೯೧೦ರಲ್ಲಿ ಹಲವು ಮಿಷನ್ನುಗಳು ಸೇರಿ ಇಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಸ್ಥಾಪಿಸಿದುವು. ಬೇರೆ ಬೇರೆ ಸಂಪ್ರದಾಯಗಳಲ್ಲಿ ಹುಟ್ಟಿದ ಮುಂದಿನ ಗುರುಗಳು ಒಂದೇ ಪಾಠದ ಕೋಣೆಯಲ್ಲಿ ಕಲೆತರು.

ಆದರೂ ಒಂದು ಪ್ರಶ್ನೆ ಉಳಿದೇ ಇದ್ದಿತು. ಬಿಳಿಯರ ಪಂಗಡಗಳು ತಮ್ಮತಮ್ಮೊಳಗೆ ಸ್ನೇಹಿತರಾದರು. ಈ ನೆಲದ ಸಭಾಪಾಲಕರು, ಉಪದೇಶಿಗಳು, ಉಪಾಧ್ಯಾಯರು ಇವರ ಪಾಡೇನು? ಆ ಕಾಲೇಜು ಹುಟ್ಟಿದ ೧೯೧೦ರಲ್ಲಿಯೇ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಸೇರಿದ್ದ ಲೋಕ ಮಿಷನರಿ ಸಮ್ಮೇಳನದಲ್ಲಿ ವಿ. ಎಸ್. ಅಜರಯ್ಯನೆಂಬ ತಮಿಳು ಯುವಕನು ಇದನ್ನು ಎತ್ತಿದನು. ಮಿಷನರಿಗಳ ತ್ಯಾಗವನ್ನು ಆತನು ಕೃತಜ್ಞತೆಯಿಂದ ನೆನೆದನು. ಆದರೆ ವರ್ಷಗಟ್ಟಲೆ ಜೊತೆಯಲ್ಲಿ ದುಡಿದರೂ ಮನೆಗೆ ಕರೆಯುವುದಿಲ್ಲ, ಒಟ್ಟಿಗೆ ಕುಳಿತು ಉಣ್ಣುವುದಿಲ್ಲ. ದಾನಿಯೂ ಯಜಮಾನನೂ ಸಿಕ್ಕುವರು, ಸ್ನೇಹಿತನು ಮಾತ್ರ ಸಿಕ್ಕುವುದಿಲ್ಲವೆಂಬುದು ಆತನ ಮಾತಿನ ಸಾರ. ಕೇಳಿದವರಲ್ಲಿ ಕೆಲವರು ಕನಲಿದರು, ಕೆಲವರು ತಲೆತಗ್ಗಿಸಿದರು.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಹೆಸರುಂಟು: ಪಂಕ್ತಿಭೇದ. ಸಭೆಗೆ ಸೇರಿದವರು ಜಾತಿಯನ್ನು ಬಿಟ್ಟು ಒಂದೇ ಪಂಕ್ತಿಯಲ್ಲಿ ಉಣ್ಣಬೇಕೆಂದು ಮಿಷನರಿಗಳು ಕಟ್ಟುನಿಟ್ಟಾಗಿ ಬೋಧಿಸಿದರು. ಅದಕ್ಕಾಗಿ ಮನೆಮಠಗಳನ್ನು ಕಳೆದುಕೊಂಡವರಿದ್ದರು. ಹಾಗೆ ಬೋಧಿಸಿದವರಲ್ಲಿ ಅನೇಕರ ಬಂಗಲೆಯ ಮೇಜು ಮಾತ್ರ ಬೇರೆಯಾಗಿಯೇ ಉಳಿಯಿತು. ಪಂಕ್ತಿಭೇದವನ್ನು ಬಲ್ಲ ಜನಕ್ಕೆ ಈ ಹೊಸ ಪಂಕ್ತಿಭೇದ ಕಾಣದೆ ಇರುವುದೆಂತು?

ಇದರ ಪರಿಹಾರವೂ ಒಂದು ಸ್ನೇಹದಿಂದಲೇ ಮೊದಲಾಯಿತೆಂಬುದು ಗಮನಿಸತಕ್ಕದ್ದು. ಅಜರಯ್ಯನನ್ನು ಬಿಷಪ್ ಪದವಿಗೆ ಏರಿಸಬೇಕೆಂದು ಹಟ ಹಿಡಿದವನು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್, ತತ್ತ್ವಜ್ಞಾನಿ ಎ. ಎನ್. ವೈಟ್‌ಹೆಡ್ಡನ ಅಣ್ಣ. ಯೂರೋಪಿಯನ್ನರು ಇಂಡಿಯನ್ನನ ಅಧೀನದಲ್ಲಿ ಕೆಲಸಮಾಡಿಯಾರೆ ಎಂಬ ಆಕ್ಷೇಪಣೆ ಬಂದಿತು. ವೈಟ್‌ಹೆಡ್ ಹಿಂದೆಗೆಯಲಿಲ್ಲ. ೧೯೧೨ರಲ್ಲಿ ಅಜರಯ್ಯನು ನಿಜಾಮರ ಸೀಮೆಯ ದೋರ್ನಕಲ್ಲಿನ ಬಿಷಪ್ಪನಾದನು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೆ ಬಂದ ಮೊದಲ ಇಂಡಿಯನ್ ಈತನೆ. ಸ್ನೇಹವೆಂದರೆ ಬೆನ್ನು ತಟ್ಟುವುದು ಮಾತ್ರವಲ್ಲ, ತನ್ನ ಕೈಯಲ್ಲಿರುವ ಅಧಿಕಾರದಲ್ಲಿ ಪಾಲು ಕೊಡುವುದೆಂಬುದನ್ನು ವೈಟ್‌ಹೆಡ್ ತೋರಿಸಿಕೊಟ್ಟನು.

ಕನ್ನಡ ನಾಡಿಗೆ ಇದೇ ಪಾಠ ಬಲವಂತವಾಗಿ ಬಂದಿತು. ೧೯೧೪ರಲ್ಲಿ ಯುದ್ಧ ಆರಂಭವಾದೊಡನೆ ಬಾಸೆಲ್ ಮಿಷನ್ನಿನ ಜರ್ಮನರು ಶತ್ರುದೇಶದವರಾದರು. ಅವರನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಕಳುಹಿಸಿಬಿಟ್ಟರು. ಎಂಬತ್ತು ವರ್ಷ ಮೇಲ್ವಿಚಾರಣೆಯಲ್ಲಿ ಬೆಳೆದ ಸಭೆಗಳ ಭಾರ ಇಲ್ಲಿಯವರ ಹೆಗಲಿಗೆ ಬಂದಿತು. ಅವರು ಅದನ್ನು ಹೊತ್ತರು, ಸಭೆಗಳು ಅಳಿಯಲಿಲ್ಲ. ಹೊರಬಲ್ಲವರೆಂದು ಮೊದಲೇ ನಂಬಿದ್ದರೆ ಆ ಭಾರ ಅಷ್ಟು ಹಠಾತ್ತಾಗಿ ಬೀಳುತ್ತಿರಲಿಲ್ಲ.

ಸಭೆಗಳ ಐಕ್ಯದ ಮಾತುಕತೆ ೧೯೧೯ರಲ್ಲಿ ತರಂಗಂಬಾಡಿಯಲ್ಲಿ ಮೊದಲಾಯಿತು. ಅದರ ಮುಂದಾಳುಗಳಲ್ಲಿ ಅಜರಯ್ಯನೂ ಒಬ್ಬನು. ಮುಗಿಯುವುದಕ್ಕೆ ೨೮ ವರ್ಷ ಹಿಡಿಯಿತು. ಒಂದು ಪಂಗಡದ ಗುರುಗಳನ್ನು ಇನ್ನೊಂದು ಪಂಗಡ ಗುರುಗಳೆಂದು ಒಪ್ಪುವುದು ಹೇಗೆ ಎಂಬುದೇ ಅತ್ಯಂತ ತೊಡಕಿನ ಗಂಟು. ಯಾರಿಗೂ ಮತ್ತೆ ದೀಕ್ಷೆ ಕೊಡದೆ, ಇರುವ ಎಲ್ಲರನ್ನೂ ಇರುವಂತೆಯೇ ಒಪ್ಪಿಕೊಳ್ಳುವುದು, ಯಾವ ಸಭೆಯ ಮನಸ್ಸಾಕ್ಷಿಗೂ ನೋವಾಗುವ ಏರ್ಪಾಟನ್ನು ಅದರ ಮೇಲೆ ಹೇರದಿರುವುದು ಎಂದು ಕೊನೆಗೆ ತೀರ್ಮಾನವಾಯಿತು. ೧೯೪೭ರ ಸೆಪ್ಟೆಂಬರ್ ೨೭ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಜನಿಸಿತು. ಅಜರಯ್ಯನು ೧೯೪೫ರಲ್ಲಿಯೇ ತೀರಿಕೊಂಡಿದ್ದನು. ಆ ದಿನವನ್ನು ಕಾಣಲಿಲ್ಲ. ಮೈಸೂರು ಪ್ರಾಂತದ ಮೊದಲ ಬಿಷಪ್ ಪಿ. ಗುರುಶಾಂತ. ಅವರ ತರುವಾಯ ೧೯೫೧ರಲ್ಲಿ ಆ ಪೀಠಕ್ಕೆ ಬಂದ ನಾರ್ಮನ್ ಸಾರ್ಜಂಟ್ ಇಂಗ್ಲಿಷಿನವರು. ಇಂಡಿಯನ್ನನ ಬಳಿಕ ಇಂಗ್ಲಿಷಿನವನು ಅದೇ ಪೀಠದಲ್ಲಿ ಕೂಡುವುದು ಆಗ ಯಾರಿಗೂ ವಿಚಿತ್ರವಾಗಿ ತೋರಲಿಲ್ಲವೆಂದರೆ ಎಷ್ಟು ದೂರ ಬಂದಂತಾಯಿತು! ಬೆಂಗಳೂರಿನ ಆ ಕಾಲೇಜಿಗೆ ಮಾತ್ರ ಮೊದಲ ಇಂಡಿಯನ್ ಮುಖ್ಯಾಧ್ಯಾಪಕರಾಗಿ ರಸೆಲ್ ಚಂದ್ರನ್ ಬಂದುದು ೧೯೫೪ರಲ್ಲಿ. ಅಂದರೆ ಸ್ಥಾಪನೆಯಾದ ೪೪ ವರ್ಷಗಳ ಮೇಲೆ. ಸ್ನೇಹವು ಊಟದ ಮೇಜಿಗೆ ಬಂದರೂ ಅಧಿಕಾರದ ಪೀಠಕ್ಕೆ ತಲಪುವುದಕ್ಕೆ ಇನ್ನೂ ಬಹುಕಾಲ ಬೇಕಾಗುತ್ತದೆ.

ಇಷ್ಟನ್ನೂ ನೋಡಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಸೇವಕರ ನಡುವಣ ಸ್ನೇಹಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು. ಯೋಸೆನ್‌ಹಾನ್ಸನಿಗೂ ಒಳ್ಳೆಯ ಮನಸ್ಸಿದ್ದಿತು. ಒಟ್ಟಿಗೆ ಉಣ್ಣುವ ಪಂಕ್ತಿ ಬೇಕು. ದೂರಾಗಿ ಮಾರ್ಪಡದ ಮಾತು ಬೇಕು. ಸಮಯ ಬಂದಾಗ ಪೀಠವನ್ನು ಬಿಟ್ಟುಕೊಡುವ ಪದ್ಧತಿ ಬೇಕು. ಮೋಗ್ಲಿಂಗನಲ್ಲಿ ಇವು ಸ್ವಭಾವದಿಂದ ಬಂದುವು. ಎಲ್ಲರೂ ಮೋಗ್ಲಿಂಗರಾಗಲಾರರಾದುದರಿಂದ, ಸಂಸ್ಥೆಗಳು ಇವನ್ನು ನಿಯಮದಿಂದಲೇ ಕಾಪಾಡಬೇಕಾಗುತ್ತದೆ.

ಐಕ್ಯವಾದ ಮರುವರ್ಷ, ೧೯೪೮ರಲ್ಲಿ, ಬೆಂಗಳೂರಿನ ದಕ್ಷಿಣಕ್ಕೆ ಜಯನಗರದ ಬಡಾವಣೆಗೆ ಅಸ್ತಿಭಾರ ಬಿದ್ದಿತು. ಇಂದು ಜಯನಗರ, ಬನಶಂಕರಿ, ಜೆ. ಪಿ. ನಗರಗಳ ಕಡೆ ಭಾನುವಾರ ಕನ್ನಡ, ತಮಿಳು, ಮಲೆಯಾಳ, ಇಂಗ್ಲಿಷ್ ಭಾಷೆಗಳಲ್ಲಿ ಆರಾಧನೆ ನಡೆಯುತ್ತದೆ. ಬಿಳಿಯ ಯಜಮಾನನು ಅಲ್ಲಿಲ್ಲ. ಆದರೆ ಹಿರಿಯ ಗುರುವೂ ಕಿರಿಯ ಗುರುವೂ ಇದ್ದಾರೆ. ಸಂಬಳ ಕೊಡುವ ಸಮಿತಿಯೂ ಸಂಬಳ ತೆಗೆದುಕೊಳ್ಳುವ ಸೇವಕನೂ ಇದ್ದಾರೆ. ಇದು ಕ್ರೈಸ್ತರಿಗೆ ಮಾತ್ರ ಸೇರಿದ ಮಾತೂ ಅಲ್ಲ. ಮಠದಲ್ಲಿಯೂ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಮೇಲೊಬ್ಬ ಕೆಳಗೊಬ್ಬ ಇದ್ದೇ ಇರುವರು. ಮೇಲಿನವನು ತನ್ನ ಕೈಕೆಳಗಿನವನನ್ನು ಕೊನೆಯ ಬಾರಿ ಮನೆಗೆ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಂಡುದು ಎಂದು? ಎಡಿನ್‌ಬರೋದಲ್ಲಿ ಎದ್ದ ಪ್ರಶ್ನೆ ಇಷ್ಟೆ. ಅದಕ್ಕೆ ಉತ್ತರವನ್ನು ಅವರವರೇ ಹೇಳಿಕೊಳ್ಳಬೇಕು.