ಸೂಜಿಯ ಮೊನೆ, ಫಿರಂಗಿಯ ಯಂತ್ರ

ದೂರದರ್ಶನದಲ್ಲಿ ವಾರ್ತೆ ಆರಂಭವಾಗುವ ಮುನ್ನ ತೆರೆಯ ಮೇಲೆ ಬಳೆಗಳು ಸುತ್ತುತ್ತವೆ. ಗೆರೆಗಳು ಓಡಿಬಂದು ಕೂಡಿ ಅಕ್ಷರಗಳಾಗುತ್ತವೆ. ದಿನವೂ ಕಾಣುವ ಈ ಆಟವನ್ನು ನಾವು ಗಮನವಿಟ್ಟು ನೋಡುವುದು ಅಪರೂಪ. ಇದಕ್ಕೆ ಮೋಷನ್ ಗ್ರಾಫಿಕ್ಸ್ ಎಂದು ಹೆಸರು, ಚಲಿಸುವ ರೇಖಾವಿನ್ಯಾಸವೆನ್ನಬಹುದು. ಈ ಕಲೆಯ ಬೆಳವಣಿಗೆಯ ಹಿಂದೆ ಸಂಗೀತದ ಹಂಬಲವೂ ಯುದ್ಧದ ಯಂತ್ರವೂ ಇದ್ದುವೆಂದರೆ ಆಶ್ಚರ್ಯವಾದೀತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ವಿಟ್ನಿ, ಜೇಮ್ಸ್ ವಿಟ್ನಿ ಎಂಬ ಅಣ್ಣತಮ್ಮಂದಿರಿದ್ದರು. ಅಣ್ಣ ಪ್ಯಾರಿಸ್ಸಿನಲ್ಲಿ ಸಂಗೀತ ಕಲಿತವನು, ತಮ್ಮ ಚಿತ್ರಕಾರ. ರಾಗಾಲಾಪನೆಗೆ ಮಾತಿನ ಹಂಗಿಲ್ಲ. ಆದರೂ ಕೇಳುತ್ತ ತಲೆದೂಗುತ್ತೇವೆ. ಹಾಗೆಯೇ ಕಥೆಯಾಗಲಿ ಪಾತ್ರವಾಗಲಿ ಇಲ್ಲದೆ, ಬರಿಯ ಆಕಾರ ಬಣ್ಣಗಳ ಚಲನೆಯಿಂದಲೇ ಕಣ್ಣನ್ನು ತಣಿಸಬಹುದೆ ಎಂಬುದು ಇವರ ಪ್ರಶ್ನೆ. 1941ರಿಂದ 1944ರವರೆಗೆ ದುಡಿದು ಐದು ಕಿರುಚಿತ್ರಗಳನ್ನು ಮಾಡಿದರು. ಅವುಗಳ ನಾದವನ್ನು ಯಾವ ವಾದ್ಯವೂ ನುಡಿಯಲಿಲ್ಲ. ಲೋಲಕಗಳ ತೂಗಾಟವನ್ನೇ ಫಿಲ್ಮಿನ ಅಂಚಿನಲ್ಲಿ ಬರೆಯಿಸಿ ಧ್ವನಿ ಹೊರಡಿಸಿದ್ದರು.

ಆಮೇಲೆ ಇಬ್ಬರ ದಾರಿಗಳೂ ಬೇರೆಯಾದುವು. ತಮ್ಮ ಹಿಡಿದದ್ದು ಸೂಜಿಯ ದಾರಿ. ಕಾಗದದ ಹಲಗೆಗಳಲ್ಲಿ ಮೊನೆಯಿಂದ ರಂಧ್ರಗಳನ್ನು ಚುಚ್ಚಿ, ಅವುಗಳ ಮೂಲಕ ಚುಕ್ಕಿಗಳನ್ನು ಮೂಡಿಸಿ, ಒಂದೊಂದೇ ಚಿತ್ರವಾಗಿ ಸೆರೆಹಿಡಿದನು. ತೆರೆಯ ಮೇಲೆ ಒಂದು ನಿಮಿಷ ಕಾಣಲು 1,440 ಚಿತ್ರಗಳು ಬೇಕು! ವರ್ಷಗಟ್ಟಲೆ ನಡೆದ ಈ ತಪಸ್ಸು 1957ರಲ್ಲಿ ಮುಗಿಯಿತು. ಚಿತ್ರಕ್ಕೆ ಆತ ಇಟ್ಟ ಹೆಸರು 'ಯಂತ್ರ'. ನಮ್ಮಲ್ಲಿ ಪೂಜೆಯ ಶ್ರೀಚಕ್ರವೂ ಯಂತ್ರವೇ, ಹಿಟ್ಟಿನ ಗಿರಣಿಯೂ ಯಂತ್ರವೇ. ತಮ್ಮನ ಮನಸ್ಸಿನಲ್ಲಿದ್ದುದು ಮೊದಲನೆಯದು. ಅಣ್ಣ ಹೊರಟದ್ದು ಎರಡನೆಯದನ್ನು ಹುಡುಕಿಕೊಂಡು.

ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳನ್ನು ಹೊಡೆದುರುಳಿಸುವ ಫಿರಂಗಿಗೆ ಗುರಿ ಹೇಳುವ ಯಂತ್ರವೊಂದಿತ್ತು. ವಿಮಾನದ ವೇಗ, ಎತ್ತರಗಳನ್ನು ಗಣಿಸಿ, ಗುಂಡು ತಲಪುವ ವೇಳೆಗೆ ಅದು ಎಲ್ಲಿರುವುದೆಂಬುದನ್ನು ಹಲ್ಲುಚಕ್ರಗಳಿಂದಲೇ ಲೆಕ್ಕಹಾಕುತ್ತಿತ್ತು. ಸೈನ್ಯಕ್ಕೆ ಬೇಡವಾದ ಅಂಥ ಯಂತ್ರವನ್ನು ಜಾನ್ ಕೊಂಡುತಂದು, ಬಿಚ್ಚಿ ಜೋಡಿಸಿ, ಆಕಾರಗಳನ್ನು ತಿರುಗಿಸುವುದಕ್ಕೂ ಕ್ಯಾಮರಾವನ್ನು ನಡೆಸುವುದಕ್ಕೂ ಪಳಗಿಸಿದನು. 1958ರಲ್ಲಿ ಹಿಚ್‌ಕಾಕನ 'ವರ್ಟಿಗೊ' ಚಿತ್ರದ ಶೀರ್ಷಿಕೆಗಾಗಿ ಸಾಲ್ ಬಾಸ್ ಎಂಬ ವಿನ್ಯಾಸಕಾರನೊಡನೆ ಸುಳಿಗಳನ್ನು ಮೂಡಿಸಿದವನೂ ಈತನೇ. 1960ರಲ್ಲಿ 'ಮೋಷನ್ ಗ್ರಾಫಿಕ್ಸ್' ಎಂಬ ಹೆಸರಿನಲ್ಲೇ ಸಂಸ್ಥೆ ತೆರೆದನು. ಮರುವರ್ಷ ತನ್ನ ಯಂತ್ರದ ಚಮತ್ಕಾರಗಳನ್ನೆಲ್ಲ ಒಟ್ಟುಗೂಡಿಸಿ 'ಕೆಟಲಾಗ್' ಎಂಬ ಚಿತ್ರವನ್ನು ಹೊರತಂದನು.

ತಮ್ಮನೂ ಒಮ್ಮೆ ಅಣ್ಣನ ಯಂತ್ರಕ್ಕೆ ಕೈಹಚ್ಚಿದನು. 1966ರಲ್ಲಿ ಮುಗಿದ 'ಲೇಪಿಸ್' ಚಿತ್ರದಲ್ಲಿ ಸಾವಿರಾರು ಚುಕ್ಕಿಗಳು ಸಿತಾರಿನ ನಾದದೊಡನೆ ಮಂಡಲಗಳಾಗಿ ಅರಳುತ್ತವೆ. ಲೋಕ ಮೆಚ್ಚಿತು. ಜೇಮ್ಸನಿಗೆ ಮಾತ್ರ ಯಂತ್ರದ ಕಟ್ಟುಪಾಡು ಹಿಡಿಸಲಿಲ್ಲ. ಸಿನಿಮಾವನ್ನೇ ಬಿಟ್ಟು ಕೆಲವು ವರ್ಷ ಜೇಡಿಮಣ್ಣಿನ ಪಾತ್ರೆಗಳನ್ನು ಮಾಡುತ್ತ ಕುಳಿತನು. ಅನಂತರ ಮತ್ತೆ ಕೈಗೆಲಸದಿಂದಲೇ ಮಾಡಿದ ಒಂದು ಚಿತ್ರದ ಹೆಸರು 'ದ್ವಿಜ'.

ಅಣ್ಣ ಹಿಂದಿರುಗಿ ನೋಡಲಿಲ್ಲ. 1966ರಲ್ಲಿ ಐ.ಬಿ.ಎಂ. ಸಂಸ್ಥೆಯ ಆಶ್ರಯ ದೊರೆಯಿತು. ಕಂಪ್ಯೂಟರಿನ ಬಿಂದುಗಳಿಂದ 1968ರಲ್ಲಿ 'ಪರ್ಮ್ಯುಟೇಷನ್ಸ್', 1975ರಲ್ಲಿ ಸಂತೂರ್ ವಾದನದೊಡನೆ 'ಅರಬೆಸ್ಕ್' ಮೂಡಿಬಂದುವು. ಶ್ರುತಿಗಳ ನಡುವಣ ಅನುಪಾತದಂತೆ ಚಲನೆಗಳ ನಡುವೆಯೂ ಅನುಪಾತವಿದ್ದರೆ ಕಣ್ಣಿಗೆ ಸಾಮರಸ್ಯ ತೋರುವುದೆಂಬುದು ಆತನ ನಂಬಿಕೆ.

ಜೇಮ್ಸ್ 1982ರಲ್ಲಿ, ಜಾನ್ 1995ರಲ್ಲಿ ತೀರಿಕೊಂಡರು. ಅವರು ವರ್ಷಗಟ್ಟಲೆ ದುಡಿದು ಪಡೆದುದನ್ನು ಇಂದು ಶಾಲೆಯ ಹುಡುಗನೂ ಅಂಗೈಯ ಫೋನಿನಲ್ಲಿ ಗಳಿಗೆಯೊಳಗೆ ಮಾಡಬಲ್ಲ. ಕೈಗೆ ಬಿಡುವಾಯಿತು, ಒಳ್ಳೆಯದೇ. ಆದರೆ ಯಾವ ಚುಕ್ಕಿ ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ಅಣ್ಣತಮ್ಮಂದಿರಿಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿತ್ತು. ಆ ಹುಡುಗನೂ ಕೇಳಿಕೊಳ್ಳಬೇಕು. ಮುಂದಿನ ಬಾರಿ ತೆರೆಯ ಮೇಲೆ ಗೆರೆಗಳು ಕುಣಿಯತೊಡಗಿದಾಗ ಅರೆನಿಮಿಷ ಗಮನವಿಟ್ಟು ನೋಡಿರಿ. ತಾಳ ತಪ್ಪಿದುದು ಕಿವಿಗೆ ತಿಳಿಯುವಷ್ಟೇ ಸಲೀಸಾಗಿ ಕಣ್ಣಿಗೂ ತಿಳಿದೀತು.